ಹಿಮ್ಮಡಿಯ ಅಳತೆ

ಅಕ್ಕ ಟೇಪನ್ನು ತಮ್ಮನ ಬಲಗಾಲಿನ ಹಿಮ್ಮಡಿಗೆ ಸುತ್ತಿ, ಉಸಿರು ಬಿಗಿಹಿಡಿದು ಅಂಕಿ ನೋಡಿದಳು. ಹೋದ ತಿಂಗಳಿನಷ್ಟೇ ಇತ್ತು. ಊರವರ ಸೊಂಟ ಎಷ್ಟು ಬೆಳೆದರೂ ತಲೆಕೆಡಿಸಿಕೊಳ್ಳದ ದರ್ಜಿ ಅವಳು. ಈ ಹಿಮ್ಮಡಿಯನ್ನು ಮಾತ್ರ ಪ್ರತಿ ತಿಂಗಳೂ ತಪ್ಪದೆ ಅಳೆಯುತ್ತಿದ್ದಳು.

ಮೈಯೊಳಗೆ ಪಿತ್ತರಸದ ಆಮ್ಲ ಸರಿಯಾಗಿ ತಯಾರಾಗದೆ ಕೊಬ್ಬು ಅಲ್ಲಲ್ಲಿ ಶೇಖರವಾಗುವ ಅಪರೂಪದ ಕಾಯಿಲೆ ಇಬ್ಬರಿಗೂ ಹುಟ್ಟಿನಿಂದಲೇ ಬಂದದ್ದು. ಅದು ಗೊತ್ತಾಗುವಷ್ಟರಲ್ಲಿ ಅಕ್ಕನ ಹಿಮ್ಮಡಿಯ ಮೇಲೆ ನಿಂಬೆಹಣ್ಣಿನ ಗಾತ್ರದ ಕೊಬ್ಬಿನ ಗಂಟು ಕಟ್ಟಿ, ನಡಿಗೆ ತೊಡರತೊಡಗಿತ್ತು. ಆಮೇಲೆ ತಮ್ಮನನ್ನೂ ಪರೀಕ್ಷಿಸಿದರು. ಅವನಲ್ಲೂ ಇತ್ತು, ಇನ್ನೂ ತಲೆಯೆತ್ತಿರಲಿಲ್ಲ. ಅಂದಿನಿಂದ ಇಬ್ಬರಿಗೂ ಆ ಆಮ್ಲದ್ದೇ ಕ್ಯಾಪ್ಸೂಲ್, ದಿನಕ್ಕೆ ಮೂರು ಹೊತ್ತು.

"ನೋಡಿದ್ಯಲ್ಲ, ಕೂದಲೆಳೆಯಷ್ಟೂ ಜಾಸ್ತಿ ಆಗಿಲ್ಲ," ಎಂದ ತಮ್ಮ, ಕ್ಯಾಪ್ಸೂಲಿನ ಡಬ್ಬಿಯನ್ನು ಹೊಲಿಗೆ ಮಷೀನಿನ ಆಚೆಗೆ ದೂಡುತ್ತಾ. "ಏನೂ ಆಗದೇ ಇರೋನಿಗೆ ಇದ್ಯಾಕಕ್ಕ? ನಿನ್ನೆಯಿಂದ ಬಿಟ್ಬಿಟ್ಟೆ."

ಅಕ್ಕ ಬೈಯಲಿಲ್ಲ. ಯಾರೆದುರೂ ತೆಗೆಯದ ತನ್ನ ಉದ್ದನೆಯ ಕಾಲುಚೀಲವನ್ನು ಕೆಳಗಿಳಿಸಿ, ಕಾಲನ್ನು ಸ್ಟೂಲಿನ ಮೇಲಿಟ್ಟು, ಟೇಪನ್ನು ಅವನ ಕೈಗೆ ಕೊಟ್ಟಳು. "ತಗೋ, ನಂದು ಅಳತೆ ಮಾಡು."

ಅವನು ಸುತ್ತಿದ. ಟೇಪು ಅವನ ಅಂಕಿಯನ್ನು ದಾಟಿ ಎಷ್ಟೋ ಮುಂದೆ ಹೋಗಿ ನಿಂತಿತು.

"ನಿನ್ನ ವಯಸ್ಸಲ್ಲಿ ನಂದೂ ನಿನ್ನಷ್ಟೇ ಇತ್ತು ಕಣೋ," ಎಂದಳು ಅಕ್ಕ.

ತಮ್ಮ ಅವಳ ಕಾಲುಚೀಲವನ್ನು ತಾನೇ ಮೆಲ್ಲಗೆ ಮೇಲೆಳೆದ. ಡಬ್ಬಿ ತೆಗೆದು ಒಂದು ಕ್ಯಾಪ್ಸೂಲನ್ನು ಅವಳ ಅಂಗೈಗಿಟ್ಟ, ಇನ್ನೊಂದನ್ನು ತಾನು ನುಂಗಿದ. ಆಮೇಲೆ ತನ್ನ ಎಡಗಾಲನ್ನು ಅವಳ ಮಡಿಲಿಗಿಟ್ಟ.

"ಇದನ್ನ ಅಳೆಯೋದು ಮರ್ತೆ ನೀನು."