ಮಗ್ಗದ ಗುಂಡಿ

ಆಶ್ರಯ ಮನೆಗಳ ಪಟ್ಟಿಯನ್ನು ಸದಸ್ಯ ಈರೇಶ್ ಪಂಚಾಯಿತಿ ಅಧ್ಯಕ್ಷರ ಮೇಜಿನ ಮೇಲೆ ಬೀಸಿ ಒಗೆದ. "ಬೊಮ್ಮಲಿಂಗಣ್ಣ, ಇಪ್ಪತ್ತೆರಡರಾಗೆ ಒಂಬತ್ತು ಮನೆ ಆ ಪಕ್ಷದೋರಿಗೆ! ಮೊದಲನೇ ಹೆಸರೇ ದಾಸಣ್ಣಂದು. ಎಲೆಕ್ಷನ್‌ನಾಗೆ ಕತ್ತೆ ಕೊರಳಿಗೆ ನಿಮ್ಮ ಫೋಟೋ ಕಟ್ಟಿ ಊರೆಲ್ಲ ಮೆರೆಸಿದೋನು ಅವನು. ಮರೆತ್ರಾ?"

"ಮರೆತಿಲ್ಲ. ಫೋಟೋ ಚೆನ್ನಾಗಿತ್ತು," ಎಂದರು ಬೊಮ್ಮಲಿಂಗಪ್ಪ.

ಈರೇಶನಿಗೆ ಮೈ ಉರಿಯಿತು. ಮೂರು ಚುನಾವಣೆಗಳಲ್ಲಿ ಈ ಮನುಷ್ಯನಿಗಾಗಿ ಗಂಟಲು ಹರಿದುಕೊಂಡವನು ಅವನು. ಗೆದ್ದ ಮೇಲೆ ಇವರು ಮಾಡಿದ್ದೇನು? ಅಧ್ಯಕ್ಷರ ಜೀಪು ಮಾರಿ ನೇಕಾರರ ಕೇರಿಗೆ ನಲ್ಲಿ ಹಾಕಿಸಿದರು. ಸ್ವಂತ ಪಕ್ಷದ ಕಂಟ್ರಾಕ್ಟರು ಕಟ್ಟಿದ ಚರಂಡಿಯನ್ನು ಒಡೆಸಿ ಮತ್ತೆ ಕಟ್ಟಿಸಿದರು. ಈಗ ಇದು. ಹನ್ನೊಂದು ಮಂದಿ ಸದಸ್ಯರಲ್ಲಿ ಐವರು ಅವಿಶ್ವಾಸದ ಕಾಗದಕ್ಕೆ ಆಗಲೇ ಸಹಿ ಹಾಕಿದ್ದರು. ಆರನೆಯ ಸಹಿ ಈರೇಶನದು ಬಿದ್ದರೆ ಅಧ್ಯಕ್ಷಗಿರಿ ಮುಗಿದಂತೆ.

"ಆ ಒಂಬತ್ತು ಹೆಸರು ಹೊಡೀರಿ. ಇಲ್ಲಾಂದ್ರೆ ನಾನೂ ಸಹಿ ಹಾಕ್ತೀನಿ."

"ಹಾಕೋವಂತೆ. ಮೊದ್ಲು ದಾಸಣ್ಣನ ಮನೆತಂಕ ಬಾ."

ಬಾಡಿಗೆ ಮನೆಯ ನಡುವಿದ್ದ ಮಗ್ಗ ಬಿಚ್ಚಿ, ದಾಸಣ್ಣ ಅದರ ಗುಂಡಿಗೆ ಮಣ್ಣು ಎಳೆಯಲು ಗುದ್ದಲಿ ಹಿಡಿದು ನಿಂತಿದ್ದ. ಕಾಲು ಇಳಿಬಿಟ್ಟು ನೇಯುವ ಆ ಗುಂಡಿಯನ್ನು, ಮನೆ ಬಿಡುವಾಗ ಬಾಡಿಗೆಯವನೇ ಮುಚ್ಚಿ ಕೊಡಬೇಕು. ಇದು ಅವನು ಮುಚ್ಚುತ್ತಿದ್ದ ನಾಲ್ಕನೆಯ ಗುಂಡಿ. ಹೆಂಡತಿ ರಾಧಮ್ಮ, ಅರ್ಧ ನೇಯ್ದ ರೇಷ್ಮೆ ಸೀರೆಯನ್ನು ಹಾಸಿನ ಎಳೆಗಳ ಸಮೇತ ಸುತ್ತಿ ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಬಳಿ ಕೂತಿದ್ದಳು.

"ಒಂದ್ ಗಳಿಗೆ ತಡಿ ದಾಸಣ್ಣ," ಎಂದು ಅಧ್ಯಕ್ಷರು ಜೇಬಿನಿಂದ ಟೇಪು ತೆಗೆದರು. "ಗುಂಡಿ ಅಳತೆ ಬೇಕು."

"ಯಾಕ್ರಿ, ನನ್ನ ಹೂಳೋಕಾ? ಇನ್ನೊಂದೀಟು ಉದ್ದ ತೋಡಬೇಕಾಗ್ತೈತೆ."

"ಸುಮ್ನಿರ್ರಿ," ಎಂದು ರಾಧಮ್ಮ ಗದರಿದಳು.

ಅಧ್ಯಕ್ಷರು ನಕ್ಕರು. "ಹೋದ ಸಲ ಕೊಟ್ಟ ಮನೆಗೆಲ್ಲ ಸಿಮೆಂಟ್ ನೆಲ ಹಾಕಿದ್ವಿ. ನೇಯೋರು ಅದನ್ನ ಒಡೆದು ಗುಂಡಿ ತೋಡಿದ್ರು. ತಪ್ಪು ನಮ್ದೇ. ಈ ಸಲ ಗುಂಡಿಗೆ ಜಾಗ ಬಿಟ್ಟು ನೆಲ ಹಾಕ್ರಿ ಅಂತ ಇಂಜಿನಿಯರಿಗೆ ಹೇಳೀನಿ."

"ಯಾರ ಮನೆಗೆ?" ಎಂದ ದಾಸಣ್ಣ.

"ಬಾಡಿಗೆ ಮನ್ಯಾಗೆ ಮಗ್ಗ ಇಟ್ಟೋರ ಮನೆಗೆ."

ಈರೇಶ್ ಅವರ ಕಿವಿಯಲ್ಲಿ ಸಿಡುಕಿದ. "'ನಿನ್ನ ಮನೆಗೇ' ಅಂತ ಅವನಿಗೆ ಹೇಳಬಾರದೇನ್ರಿ? ಕಾಲಿಗೆ ಬೀಳ್ತಾನೆ."

"ನೀನು ಸಹಿ ಹಾಕಿದ್ರೆ ಈ ಪಟ್ಟಿನೂ ಹೋಗ್ತೈತೆ. ಸುಮ್ನೆ ಆಸೆ ಯಾಕೆ ಹುಟ್ಟಿಸ್ಲಿ?" ಎಂದರು ಅಧ್ಯಕ್ಷರು, ಅಷ್ಟೇ ಮೆಲ್ಲಗೆ.

ಅಧ್ಯಕ್ಷರ ಮಂಡಿ ಬಗ್ಗದು. ಈರೇಶ್ ಬೈದುಕೊಳ್ಳುತ್ತಲೇ ಟೇಪು ಕಿತ್ತುಕೊಂಡು ಗುಂಡಿಗಿಳಿದ. ಹತ್ತಾರು ತಿಂಗಳು ಕಾಲು ಉಜ್ಜಿ ಉಜ್ಜಿ ಒಳಗಿನ ಮಣ್ಣು ನುಣ್ಣಗಾಗಿತ್ತು.

ಅಷ್ಟರಲ್ಲಿ ಸದಸ್ಯ ರಾಮಾಂಜನೇಯ ಬಾಗಿಲಲ್ಲಿ ಬೈಕು ನಿಲ್ಲಿಸಿ, ಅವಿಶ್ವಾಸದ ಕಾಗದ ಹಿಡಿದು ಒಳಗೆ ನುಗ್ಗಿದ. ಅಧ್ಯಕ್ಷರನ್ನು ಕಂಡೂ ಕಾಣದವನಂತೆ, "ಲೇ ಈರೇಶ, ಎಲ್ಲೆಲ್ಲಿ ಹುಡುಕೋದಲೇ ನಿನ್ನ? ಸಹಿ ಹಾಕು ಬಾ," ಎಂದ.

ಈರೇಶ್ ಗುಂಡಿಯೊಳಗಿಂದಲೇ ತಲೆ ಎತ್ತಿದ.

"ಆ ಕಾಗದ ಜೇಬಿಗಿಟ್ಕಳಲೇ. ಈ ಟೇಪಿನ ತುದಿ ಹಿಡಿ, ಆ ಮೂಲೆಗೆ ಹೋಗು."