ದೊನ್ನಾ ಒರ್ಸೋಲಾಳ ಬಲಗೈ

"ನಿಮ್ಮ ಮನೆತನದ ಬಗ್ಗೆ ಎರಡೇ ಎರಡು ಮಾತು ಹೇಳಿಬಿಡ್ತೀನಿ, ದೊನ್ನಾ ಒರ್ಸೋಲಾ," ಎಂದು ಮೇಯರ್ ಸಾರೋ ಮೈಕು ಹಿಡಿದೇಬಿಟ್ಟ. ಎರಡು ಮಾತೆಂದವನು ವಾಲ್ದುಂಬ್ರಾ ವಂಶದ ಗೋರಿಗಳನ್ನೆಲ್ಲ ಅಗೆದು ಹಾಕಿದ. ತುರ್ಕರ ಹಡಗು ಸುಟ್ಟ ಕಪ್ತಾನ, ಬರಗಾಲದಲ್ಲಿ ಉಗ್ರಾಣ ತೆರೆದ ಬಿಷಪ್, ಮದುವೆ ಒಲ್ಲೆನೆಂದು ಮಾಳಿಗೆ ಹತ್ತಿ ನಕ್ಷತ್ರ ನೋಡುತ್ತ ಕುಳಿತ ದೊಡ್ಡತ್ತೆ, ಎಲ್ಲರೂ ಬಂದುಹೋದರು. ಒರ್ಸೋಲಾಳ ಅಜ್ಜ ಬ್ಯಾರನ್ ಕೊರ್ರಾದೋನ ಹೆಸರು ಮಾತ್ರ ಅವನ ಬಾಯಿಗೆ ಬರಲಿಲ್ಲ.

ಅವಳು ಪಲೆರ್ಮೋ ಪಟ್ಟಣದಿಂದ ಈ ಹಳ್ಳಿಗೆ ಬಂದದ್ದೇ ಆ ಹೆಸರು ಹೇಳಲು. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ, ತನ್ನ ಬೀಳುಬಿದ್ದ ಹೊಲ ಉಳಲು ಹೋದ ರೈತರ ಮೇಲೆ ಅಜ್ಜ ಕಾವಲುಗಾರರಿಂದ ಗುಂಡು ಹಾಕಿಸಿದ್ದ. ಅಂದು ಗುಂಡಿಗೆ ಸತ್ತ ರೈತನ ಮಗ ಜೆರ್ಲಾಂದೋ ಈಗ ಹಣ್ಣುಹಣ್ಣು ಮುದುಕ. ಕ್ಷಮೆ ಕೇಳಬೇಕು ಎಂದು ಅವಳು ಹೇಳಿಕಳಿಸಿದಾಗಲೆಲ್ಲ ಪುರುಸೊತ್ತಿಲ್ಲ ಎನ್ನುತ್ತಿದ್ದವನು, ಈ ಸಲ ಏನನ್ನಿಸಿತೋ, ಬಂದು ಮುಂದಿನ ಸಾಲಿನಲ್ಲೇ ಕುಳಿತಿದ್ದ. ನೋಡಲು ಊರೇ ಚೌಕದಲ್ಲಿ ನೆರೆದಿತ್ತು.

"ಸಾಕು ಬಿಡಿ ಸಾರೋ, ನಮ್ಮೋರಿಗೆ ಎಷ್ಟು ಸಲ ಹಾರ ಹಾಕ್ತೀರಿ!" ಎಂದು ಒರ್ಸೋಲಾ ವೇದಿಕೆಯಿಂದ ಇಳಿದುಬಂದಳು. ಮುದುಕ ಕೋಲೂರಿಕೊಂಡು ಎದ್ದ.

"ಜೆರ್ಲಾಂದೋ ಮಾಮ, ನೀವು ನನ್ನ ಒಡತಿ ಅನ್ನೋ ಹಾಗೆ ದೊನ್ನಾ ಗಿನ್ನಾ ಅನ್ನಬಾರ್ದು. ನಾನು ನಿಮ್ಮ ಮಗಳಿದ್ದ ಹಾಗೆ."

"ನಾನಿನ್ನೂ ಬಾಯೇ ಬಿಟ್ಟಿಲ್ವಲ್ಲಮ್ಮ," ಎಂದ ಮುದುಕ. ಜನ ಗೊಳ್ಳೆಂದರು. ಅವಳೂ ನಕ್ಕಳು. ಇನ್ನು ಪರವಾಗಿಲ್ಲ, ಹೇಳಿಬಿಡಬಹುದು ಎನ್ನಿಸಿತು.

ಅಷ್ಟರಲ್ಲಿ ಮುದುಕನ ಕೋಲು ಕೈಜಾರಿ ಇಬ್ಬರ ನಡುವೆ ಬಿತ್ತು. ಅವನು ಬಗ್ಗಿದ. ಬಗ್ಗಿದ್ದೇ ತಡ, ಒರ್ಸೋಲಾಳ ಬಲಗೈ ತಾನಾಗಿ ಮೇಲೆದ್ದಿತು. ಮೊಣಕೈ ಮಡಚಿ, ಬೆರಳು ಸಡಿಲವಾಗಿ, ಸರಿಯಾಗಿ ಅವನ ತುಟಿಯ ಮಟ್ಟಕ್ಕೆ. ಒಕ್ಕಲಿನವರು ಬಗ್ಗಿದರೆ ಮುತ್ತಿಡಲು ಕೈ ಕೊಡಬೇಕು, ಅವರನ್ನು ಕಾಯಿಸಬಾರದು ಎಂದು ಅಜ್ಜಿ ಅವಳಿಗೆ ಅಕ್ಷರಕ್ಕಿಂತ ಮೊದಲೇ ಕಲಿಸಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಇದಕ್ಕೇ.

ಮುದುಕ ಕೋಲು ಹಿಡಿದು ತಲೆಯೆತ್ತಿದರೆ ಮೂಗಿನ ಮುಂದೆಯೇ ಆ ಕೈ. ಕೋಲನ್ನು ತಾನೇ ಬಗ್ಗಿ ಎತ್ತಿಕೊಡಬೇಕಿತ್ತು ಎಂದು ಅವಳಿಗೆ ಆಗ ಹೊಳೆಯಿತು. ನಾಚಿಕೆಯಿಂದ ಕಿವಿಯ ತುದಿಯವರೆಗೂ ಉರಿಯೆದ್ದಿತು. ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನ್ನಿಸಿತು. ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ತಪ್ಪಾಯ್ತು ಮಾಮ... ನಾನು ಬೇಕೂಂತ... ಏನೋ ಅಭ್ಯಾಸ..."

"ಇರ್ಲಿ ಬಿಡಮ್ಮ." ಜೆರ್ಲಾಂದೋ ಕೋಲೂರಿ ನಿಧಾನವಾಗಿ ನೆಟ್ಟಗಾದ. ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮಪ್ಪಂಗೂ ಅಭ್ಯಾಸ ಇತ್ತು. ಅವತ್ತು ಹೊಲಕ್ಕೆ ಹೋಗೋ ದಾರೀಲಿ ನಿಮ್ಮಜ್ಜ ಎದುರಾದ್ರಂತೆ. ಕೈಗೆ ಮುತ್ತಿಟ್ಟೇ ಮುಂದೆ ಹೋದ."