ಆಯ್ತು ಅನ್ನಬೇಕು

ಅಕ್ಕಿ ಕಳ್ಳನನ್ನು ಇವತ್ತು ಬಿಡುವುದಿಲ್ಲವೆಂದು ತುಮಿರಾ ಕಿಟಕಿಯ ಪರದೆ ಹಿಂದೆ ಪೊರಕೆ ಹಿಡಿದು ನಿಂತಿದ್ದಳು. ಸಂಜೆಯ ಬಾಂಗ್ ಮುಗಿದಿತ್ತು. ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ ಪುಟ್ಟ ತಗಡಿನ ಡಬ್ಬಿಗೆ ಈಗಷ್ಟೇ ಒಂದು ಹಿಡಿ ಅಕ್ಕಿ ಹಾಕಿ ಬಂದಿದ್ದಳು. ಜಾವಾದ ಜೋಗ್ಜಾ ಊರಿನ ಆ ಓಣಿಯಲ್ಲಿ ಪ್ರತಿ ಮನೆಯವರೂ ಹಾಗೆ ಹಾಕುತ್ತಾರೆ. ರಾತ್ರಿ ಗಸ್ತಿನವರು ಬಂದು ಸುರಿದುಕೊಂಡು ಹೋಗುತ್ತಾರೆ. ಓಣಿಯ ದೀಪದ ಖರ್ಚು, ಸಾವಾದ ಮನೆಯ ಖರ್ಚು ಎಲ್ಲ ಅದನ್ನು ಮಾರಿ ಬಂದ ಹಣದಲ್ಲೇ ಆಗಬೇಕು. ಒಂದು ವಾರದಿಂದ ತುಮಿರಾಳ ಡಬ್ಬಿ ಮಾತ್ರ ಖಾಲಿ ಸಿಗುತ್ತಿತ್ತು.

ಬೆಳಿಗ್ಗೆ ಗಸ್ತಿನ ಮುಖಂಡ ಸರ್ಜೊನೊ ಬಂದಿದ್ದ. ಜಾವಾದವರು ಯಾವ ಮಾತನ್ನು ತಾನೇ ನೇರವಾಗಿ ಆಡುತ್ತಾರೆ? ದಾಸವಾಳದ ಗಿಡವನ್ನು ಹೊಗಳಿದ, ಬೆಕ್ಕಿನ ಆರೋಗ್ಯ ವಿಚಾರಿಸಿದ, ಗೇಟು ದಾಟುವಾಗ, “ಅಕ್ಕಿ ಬೆಲೆ ಏರಿಬಿಟ್ಟಿದೆ ಅಲ್ವಾ ಅಕ್ಕ? ಪಾಪ, ಎಲ್ರಿಗೂ ಕಷ್ಟಾನೇ” ಅಂದ. ಕೆನ್ನೆಗೆ ಹೊಡೆದಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ. ಗಂಡ ಸತ್ತ ದಿನವೂ ಡಬ್ಬಿಗೆ ಅಕ್ಕಿ ತಪ್ಪಿಸದ ಹೆಂಗಸು ಅವಳು. “ಸಂಜೆ ಬಾ. ಕಳ್ಳನ್ನ ಹಿಡಿದು ನಿನ್ನ ಮುಂದೇನೇ ನಿಲ್ಲಿಸ್ತೀನಿ” ಎಂದು ಕೂಗಿ ಹೇಳಿದ್ದಳು.

ಬಾಗಿಲು ಕಿರುಗುಟ್ಟಿತು. ಹೊರಗೆ ಬಂದವಳು ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವ ನೊರೊ, ಮಡಗಾಸ್ಕರ್‌ನಿಂದ ಓದಲು ಬಂದ ಹುಡುಗಿ. ಅವಳು ಆಚೀಚೆ ನೋಡಲಿಲ್ಲ, ಅವಸರಪಡಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಇಳಿಸಿಕೊಂಡು, ತಲೆ ಬಾಗಿಸಿ ತನ್ನ ಭಾಷೆಯಲ್ಲಿ ಏನೋ ಹೇಳಿಕೊಂಡಳು. ಅಕ್ಕಿಯನ್ನು ಕರವಸ್ತ್ರಕ್ಕೆ ಸುರಿದುಕೊಂಡು, ತಳದಲ್ಲಿ ನಾಲ್ಕು ಕಾಳು ಉಳಿಸಿ, ಡಬ್ಬಿಯನ್ನು ಮೊದಲಿದ್ದ ಹಾಗೇ ನೇತುಹಾಕಿದಳು. ದೇವಸ್ಥಾನದಲ್ಲಿ ಪ್ರಸಾದ ತೆಗೆದುಕೊಳ್ಳುವವರೂ ಅಷ್ಟು ಭಕ್ತಿಯಿಂದ ತೆಗೆದುಕೊಳ್ಳುವುದಿಲ್ಲ.

ಎತ್ತಿದ ಪೊರಕೆ ತಾನಾಗಿಯೇ ಇಳಿಯಿತು. ದೂರದೇಶದಿಂದ ಬರುವ ಹುಡುಗಿಯರಿಗೆ ಇಲ್ಲಿ ಬಾಳುವ ರೀತಿ ಹೇಳಿಕೊಡುವುದರಲ್ಲಿ ತುಮಿರಾಳನ್ನು ಮೀರಿಸಿದವರಿಲ್ಲ. ಚಪ್ಪಲಿ ಹೊರಗೆ ಬಿಡು, ಎಡಗೈಯಲ್ಲಿ ಏನನ್ನೂ ಕೊಡಬೇಡ, ಹಿರಿಯರ ಮುಂದೆ ಹಾದುಹೋಗುವಾಗ ಬೆನ್ನು ಬಾಗಿಸು, ಬಚ್ಚಲ ತೊಟ್ಟಿಯೊಳಗೆ ಇಳಿಯಬೇಡ, ಚೊಂಬಿನಲ್ಲಿ ಮೊಗೆದು ಸ್ನಾನ ಮಾಡು. ಹಿಂದೊಬ್ಬಳು ಎಮ್ಮೆಯ ಹಾಗೆ ತೊಟ್ಟಿಯಲ್ಲಿ ಮಲಗಿ ಇಡೀ ಮನೆಯ ನೀರು ಕೆಡಿಸಿದ್ದಳು. ಇಷ್ಟೆಲ್ಲ ಹೇಳಿದವಳು ದಿನಾ ಕಣ್ಣೆದುರಿಗೇ ಇದ್ದ ಡಬ್ಬಿಯ ವಿಷಯ ಮರೆತಿದ್ದಳು. ಹಸಿದವರಿಗೆಂದು ಮನೆಯವರು ಇಟ್ಟ ಅಕ್ಕಿ ಎಂದುಕೊಂಡಿದೆ ಈ ಮಗು.

ಹಸಿದವರಿಗೆ! ಈ ಸಲ ಯಾರಿಗೂ ಸ್ಕಾಲರ್‌ಶಿಪ್ ಬಂದಿಲ್ಲವೆಂದು ಕೆಳಗಿನ ಕೋಣೆಯ ಹುಡುಗಿ ಮೊನ್ನೆ ಗೊಣಗಿದ್ದು ಈಗ ನೆನಪಾಯಿತು. ಅವಳು ಪಡಸಾಲೆಗೆ ಬಂದಾಗ ನೊರೊ ಮೆಟ್ಟಿಲು ಹತ್ತುತ್ತಿದ್ದಳು.

“ನೊರೊ, ಊಟ ಆಯ್ತಾ ಮಗಳೇ?”

“ಆಯ್ತು, ಇಬು.” ತುಮಿರಾಳನ್ನು ಬಾಡಿಗೆ ಹುಡುಗಿಯರೆಲ್ಲ ಕರೆಯುವುದು ಹಾಗೆಯೇ, ಇಬು ಅಂದರೆ ಅಮ್ಮ. ಹುಡುಗಿಯ ಕೈ ಬೆನ್ನ ಹಿಂದಿತ್ತು.

“ಏನು ಊಟ?”

ನೊರೊ ಕಣ್ಣು ಕಣ್ಣು ಬಿಟ್ಟಳು. ಈ ಪ್ರಶ್ನೆಗೆ ಉತ್ತರವನ್ನು ಇಬು ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟಿದ್ದು ಮೊದಲನೆಯದಕ್ಕೆ ಮಾತ್ರ. ಹುಡುಗಿ ಬಂದ ದಿನವೇ ಈ ಪಡಸಾಲೆಯಲ್ಲಿ ಕೂರಿಸಿಕೊಂಡು, “ಯಾರಾದ್ರೂ ಊಟ ಆಯ್ತಾ ಅಂತ ಕೇಳಿದ್ರೆ ಆಯ್ತು ಅನ್ನಬೇಕು. ಇಲ್ಲ ಅಂದ್ರೆ ಅವರ ತಟ್ಟೆಗೇ ಕಣ್ಣು ಹಾಕಿದಂಗಾಗತ್ತೆ” ಎಂದು ಹೇಳಿ ನಕ್ಕಿದ್ದಳು. ಆಮೇಲೆ ದಿನಾ ಕೇಳಿದ್ದಳು, ದಿನಾ ‘ಆಯ್ತು’ ಅನ್ನಿಸಿಕೊಂಡಿದ್ದಳು, ಎಷ್ಟು ಬೇಗ ಕಲಿತಳಪ್ಪ ಎಂದು ಹೆಮ್ಮೆಯನ್ನೂ ಪಟ್ಟಿದ್ದಳು. ತುಮಿರಾಳಿಗೆ ತನ್ನ ನಾಲಿಗೆಯ ಮೇಲೆಯೇ ಸಿಟ್ಟು ಬಂತು.

ಅಷ್ಟರಲ್ಲಿ ಬಾಗಿಲಲ್ಲಿ ಸರ್ಜೊನೊ ಕೆಮ್ಮಿದ. “ಏನಕ್ಕ, ಸಿಕ್ಕಿದ್ನಾ ಕಳ್ಳ?”

“ಯಾವ ಕಳ್ಳ, ಇಬು?” ನೊರೊ ಗಾಬರಿಯಿಂದ ತಿರುಗಿದಳು. ಕರವಸ್ತ್ರ ಸಡಿಲಿ ಮೆಟ್ಟಿಲ ಮೇಲೆ ಅಕ್ಕಿಕಾಳು ಉದುರಿದವು. ಸರ್ಜೊನೊ ಕಾಳುಗಳನ್ನು ನೋಡಿದ, ಹುಡುಗಿಯ ಸೊರಗಿದ ಮುಖ ನೋಡಿದ.

“ಇಲಿ ಕಣೋ” ಎಂದಳು ತುಮಿರಾ, ಅವನ ಕಣ್ಣಲ್ಲಿ ಕಣ್ಣಿಟ್ಟು. “ಬರೀ ಇಲಿ. ನಾಳೆಯಿಂದ ಡಬ್ಬಿ ತುಂಬಿರತ್ತೆ, ನೀನೇನೂ ಯೋಚ್ನೆ ಮಾಡ್ಬೇಡ.”

“ಹೌದಾ? ನಮ್ಮನೇಲೂ ಇಲಿ ಕಾಟ ಜಾಸ್ತಿ ಅಕ್ಕ” ಎಂದ ಸರ್ಜೊನೊ. ಅವನ ಮನೆಯಲ್ಲಿ ಎರಡು ಬೆಕ್ಕುಗಳಿದ್ದವು. “ನಿಮ್ಮ ದಾಸವಾಳ ಮಾತ್ರ ಏನು ಚೆಂದ ಬಂದಿದೆ!” ಎಂದು, ಆ ಕತ್ತಲಲ್ಲಿ ಕಾಣದ ಗಿಡವನ್ನು ಇನ್ನೊಮ್ಮೆ ಹೊಗಳಿ ಹೊರಟುಹೋದ. ತುಮಿರಾಳಿಗೆ ಅವನ ಮೇಲೆ ಎಂದೂ ಇಲ್ಲದ ಅಭಿಮಾನ ಬಂತು.

ಡಬ್ಬಿಯ ವಿಷಯ ನಿಧಾನಕ್ಕೆ ಹೇಳಿದರಾಯಿತು, ಹೊಟ್ಟೆ ತುಂಬಿದ ಮೇಲೆ. ಅವಳು ಒಳಗೆ ಹೋಗಿ ಅನ್ನದ ಪಾತ್ರೆಯನ್ನೂ ಸೋಯಾ ಕಾಳಿನ ತೆಂಪೆ ಪಲ್ಯವನ್ನೂ ತಂದು ಚಾಪೆಯ ಮೇಲಿಟ್ಟಳು. ಎರಡು ತಟ್ಟೆ ಹಾಕಿದಳು.

“ನೋಡು ಮಗಳೇ, ಮೊದಲನೇ ದಿನ ನಿಂಗೆ ಒಂದು ಮಾತು ತಪ್ಪು ಹೇಳಿಕೊಟ್ಟೆ. ಹೊರಗಿನೋರು ಕೇಳಿದ್ರೆ ಆಯ್ತು ಅನ್ನು. ನಾನು ಕೇಳಿದ್ರೆ ನಿಜ ಹೇಳು. ಈಗ ಮತ್ತೆ ಕೇಳ್ತೀನಿ. ಊಟ ಆಯ್ತಾ?”

ನೊರೊ, ಹಿರಿಯರ ಮುಂದೆ ಹೇಗೆ ಬಾಗಬೇಕೆಂದು ಇಬು ಹೇಳಿಕೊಟ್ಟಿದ್ದಳೋ ಹಾಗೆಯೇ ಬೆನ್ನು ಬಾಗಿಸಿದಳು.

“ಇಲ್ಲ, ಇಬು. ತಪ್ಪಾಯ್ತು.”